ಗಿಡದ ಬಣ್ಣಕ್ಕೂ ಒಂದು ಆಯುಸ್ಸಿದೆ

(ಸಾಗರದಲ್ಲಿ ಚಿತ್ರಕಲಾ ವಿದ್ಯಾರ್ಥಿಗಳು, ಶಾಲಾ ಶಿಕ್ಷಕರು ಮತ್ತು ಆಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ. ಅಲ್ಲಿ ಮಾಡಿ ತೋರಿಸಿದ್ದನ್ನು ಇಲ್ಲಿ ವಿವರಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಅರಿಶಿನದಿಂದ ಚಿತ್ರ ಬರೆಯಬಹುದೇ ಎಂದು ಈಚೆಗೆ ತುಂಬ ಜನ ಕೇಳುತ್ತಾರೆ. ಬರೆಯಬಹುದು. ಅಡುಗೆಮನೆಯ ಡಬ್ಬಿಯಿಂದ ಒಂದು ಚಮಚ ತೆಗೆದು ನೀರಲ್ಲಿ ಕಲಸಿ ಕುಂಚ ಅದ್ದಿದರೆ ಕಣ್ಣಿಗೆ ಹಬ್ಬವಾಗುವಂಥ ಹಳದಿ ಬರುತ್ತದೆ. ಅದೇ ಚಿತ್ರವನ್ನು ಬಿಸಿಲು ಬೀಳುವ ಕಿಟಕಿಯ ಪಕ್ಕ ತೂಗುಹಾಕಿ ನೋಡಿ. ಸ್ವಲ್ಪ ದಿನದಲ್ಲೇ ಹಳದಿ ಹಾರಿಹೋಗಿ ಮಾಸಲು ಕಾಗದ ಉಳಿಯುತ್ತದೆ. ಹಾಗಾದರೆ ಅರಿಶಿನ ಬೇಡವೇ? ಖಂಡಿತ ಬೇಕು. ಎಲ್ಲಿಗೆ ಬೇಕು, ಎಷ್ಟು ಕಾಲಕ್ಕೆ ಬೇಕು ಎಂದು ತಿಳಿದು ಬಳಸಬೇಕು, ಅಷ್ಟೆ. ಒಂದೊಂದು ಬಣ್ಣಕ್ಕೂ ಒಂದೊಂದು ಆಯುಸ್ಸಿದೆ. ಅದನ್ನು ಅರಿಯದೆ ಚಿತ್ರದ ಮೇಲೆ ‘ನೈಸರ್ಗಿಕ’ ಎಂಬ ಚೀಟಿ ಅಂಟಿಸುವುದು ಬಣ್ಣಕ್ಕೂ ಅನ್ಯಾಯ, ದುಡ್ಡು ಕೊಟ್ಟು ಕೊಂಡವರಿಗೂ ಅನ್ಯಾಯ. ನನ್ನ ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಈ ವಿಷಯದಲ್ಲಿ ನಮಗೆ ಪಾಠ ಹೇಳಬಲ್ಲವರು ದೂರದಲ್ಲಿಲ್ಲ. ಸಾಗರ, ಸೊರಬ ಕಡೆಯ ದೀವರ ಸಮುದಾಯದ ಮನೆಗಳ ಹಸೆ ಚಿತ್ತಾರವನ್ನು ನೀವೆಲ್ಲ ನೋಡಿದವರೇ. ಮದುವೆಗೆ ಮುಂಚೆ ಗೋಡೆಗೆ ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಹೆಣ್ಣುಮಕ್ಕಳು ಹಾಡು ಹೇಳಿಕೊಂಡು ಎಳೆ ಎಳೆಯಾಗಿ ಬರೆಯುತ್ತಾರೆ. ಬಣ್ಣ ನಾಲ್ಕೇ. ಕೆಂಪಿಗೆ ಕೆಮ್ಮಣ್ಣು. ಬಿಳಿಗೆ ನೆನೆಸಿ ಅರೆದ ಅಕ್ಕಿ, ಇಲ್ಲವೆ ಜೇಡಿ ಮಣ್ಣು. ಕಪ್ಪಿಗೆ ಕರಕಲಾಗುವಂತೆ ಹುರಿದು ಅರೆದ ಅಕ್ಕಿ. ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ನಾರಿನ ತುದಿಯನ್ನು ಜಜ್ಜಿ ಬಿಡಿಸಿ, ಬೇಕಾದಷ್ಟೇ ಎಳೆ ಉಳಿಸಿಕೊಂಡರೆ ಗೆರೆಯ ದಪ್ಪ ಕೈಗೆ ಸಿಕ್ಕಿತು.

ಈ ನಾಲ್ಕು ಬಣ್ಣಗಳನ್ನು ಆಯುಸ್ಸಿನ ಲೆಕ್ಕದಲ್ಲಿ ನೋಡಿ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದು. ಕಬ್ಬಿಣ ಆಗಲೇ ತುಕ್ಕು ಹಿಡಿದು ಮುಗಿದಿದೆ, ಬಿಸಿಲು ಅದಕ್ಕೆ ಇನ್ನೇನೂ ಮಾಡಲಾರದು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಬೆಟ್ಟದ ಬಂಡೆಗಳ ಮೇಲೆ ಆದಿಮಾನವರು ಬರೆದ ಚಿತ್ರಗಳು ಇಂದಿಗೂ ಕಾಣುತ್ತಿರುವುದು ಈ ಕೆಂಪಿನ ಗಟ್ಟಿತನದಿಂದ. ಸುಟ್ಟ ಅಕ್ಕಿ ಎಂದರೆ ಇದ್ದಿಲು, ಅದಕ್ಕೂ ಮಾಸುವ ಮಾತಿಲ್ಲ. ಜೇಡಿ ಮಣ್ಣು ಮಣ್ಣೇ. ಉಳಿದದ್ದು ಹಳದಿ. ನಾಲ್ಕರಲ್ಲಿ ಬೆಳಕಿಗೆ ಅಳುಕುವುದು ಅದೊಂದೇ. ಅದನ್ನು ಚಿತ್ತಾರದಲ್ಲಿ ಅಲ್ಲಲ್ಲಿ ಇಟ್ಟಿರುತ್ತಾರೆಯೇ ಹೊರತು ಇಡೀ ಚಿತ್ತಾರದ ಭಾರವನ್ನು ಅದರ ಮೇಲೆ ಹೊರಿಸುವುದಿಲ್ಲ. ರಸಾಯನಶಾಸ್ತ್ರದ ಪುಸ್ತಕ ತೆರೆಯದೆ, ಕೇವಲ ನೋಡಿ ನೋಡಿ ಬಂದ ತಿಳಿವಳಿಕೆ ಇದು. ನನಗೆ ಇದರ ಮೇಲೆ ಅಪಾರ ಗೌರವವಿದೆ. ಭೂಮಿ ಹುಣ್ಣಿಮೆಗೆ ಸಿಂಗರಿಸುವ ಭೂಮಣ್ಣಿ ಬುಟ್ಟಿಯದೂ ಹೀಗೆಯೇ. ಬಿದಿರ ಬುಟ್ಟಿಗೆ ಸಗಣಿ ಬಳಿದು, ಮೇಲೆ ಕೆಮ್ಮಣ್ಣು ಬಳಿದು, ಅಕ್ಕಿಯ ಬಿಳಿಯಲ್ಲಿ ಬರೆಯುತ್ತಾರೆ. ಮುಂದಿನ ವರ್ಷ ಮತ್ತೆ ಬರೆಯುವುದು ಇದ್ದೇ ಇದೆ. ಗೋಡೆಯನ್ನೂ ಮತ್ತೆ ಸಾರಿಸುತ್ತಾರೆ. ಅಲ್ಲಿ ಅಕ್ಕಿ ಹಿಟ್ಟು ಉದುರಿದರೆ ನಷ್ಟವಿಲ್ಲ. ಚೌಕಟ್ಟು ಹಾಕಿ ಬೆಂಗಳೂರಿನ ಯಾರದೋ ಮನೆಗೆ ಕಳಿಸುವ ಕಾಗದದ ಮೇಲೆ ಅದೇ ಅಕ್ಕಿ ಹಿಟ್ಟು ಬಳಸಿದರೆ ಜಿರಲೆಗೂ ಪುಸ್ತಕದ ಹುಳಕ್ಕೂ ಊಟ ಬಡಿಸಿದಂತೆ. ಕಾಗದಕ್ಕೆ ಜೇಡಿ ಮಣ್ಣೋ ಸೀಮೆಸುಣ್ಣದ ಪುಡಿಯೋ ಆಗಬೇಕು.

ಕೆಮ್ಮಣ್ಣನ್ನು ಹದ ಮಾಡುವುದು ಇಲ್ಲಿ ಮೇಜಿನ ಮೇಲಿದೆ, ಹತ್ತಿರ ಬಂದು ನೋಡಿ. ಗುಡ್ಡದ ದರೆಯಿಂದ ತಂದ ಮಣ್ಣನ್ನು ಪುಡಿಮಾಡಿ ಒಂದು ಬಕೆಟ್ ನೀರಿಗೆ ಹಾಕಿ ಕದಡಿದ್ದೇನೆ. ಒಂದೆರಡು ನಿಮಿಷ ಬಿಟ್ಟರೆ ಮರಳು, ಕಲ್ಲುಚೂರು ತಳ ಸೇರುತ್ತವೆ. ಮೇಲಿನ ಕೆಂಪು ನೀರನ್ನು ಅಲುಗಾಡಿಸದೆ ಇನ್ನೊಂದು ಪಾತ್ರೆಗೆ ಬಗ್ಗಿಸಬೇಕು. ಅದು ರಾತ್ರಿಯಿಡೀ ನಿಂತರೆ ಬೆಳಿಗ್ಗೆ ಮೇಲೆ ತಿಳಿನೀರು, ಕೆಳಗೆ ಕೆನೆಯಂಥ ಕೆಸರು. ಇದನ್ನು ಎರಡು ಮೂರು ಸಲ ಮಾಡಿದ ಕೆಸರನ್ನು ಬೆರಳ ನಡುವೆ ಉಜ್ಜಿದರೆ ಒಂದು ಹರಳೂ ತಾಗಬಾರದು. ಬಣ್ಣದ ಕೆಲಸದಲ್ಲಿ ಮುಕ್ಕಾಲು ಪಾಲು ಹೀಗೆ ಸೋಸುವುದು, ಕಾಯುವುದು, ಅರೆಯುವುದು. ಅವಸರದವರಿಗೆ ಇದು ಒಗ್ಗುವುದಿಲ್ಲ.

ಹಳದಿಯ ಮಾತು ಬಂತಲ್ಲ, ಅರಿಶಿನಗುರಗಿ ಮರದ ಬಗ್ಗೆ ಒಂದಿಷ್ಟು ಹೇಳಲೇಬೇಕು. ಮುರುಗಲು, ಉಪ್ಪಾಗೆಯ ಬಳಗದ ಮರ, ಸಸ್ಯಶಾಸ್ತ್ರದಲ್ಲಿ ಗಾರ್ಸೀನಿಯಾ ಮೊರೆಲ್ಲಾ. ನಮ್ಮ ಪಶ್ಚಿಮ ಘಟ್ಟದ ಕಾಡುಗಳದ್ದೇ. ತೊಗಟೆಗೆ ಗಾಯವಾದರೆ ಗಟ್ಟಿ ಹಳದಿ ಹಾಲು ಒಸರುತ್ತದೆ. ಒಣಗಿದ ಮೇಲೆ ಒದ್ದೆ ಕುಂಚ ತಾಗಿಸಿದರೆ ಸಾಕು, ತಾನಾಗಿ ಕರಗಿ ಬರುತ್ತದೆ. ಬೇರೆ ಅಂಟು ಬೆರೆಸುವ ಅಗತ್ಯವಿಲ್ಲ, ಬಣ್ಣದ ರಾಳದ ಜೊತೆಗೆ ಅಂಟನ್ನೂ ಮರವೇ ಕೊಟ್ಟಿರುತ್ತದೆ. ಈ ಬಳಗದ ಮರಗಳ ಹಾಲೇ ಕಾಂಬೋಡಿಯಾ ಕಡೆಯಿಂದ ಯುರೋಪಿಗೆ ಹೋಗಿ ಗ್ಯಾಂಬೋಜ್ ಎಂಬ ಜಲವರ್ಣವಾಯಿತು. ಮೈಸೂರು ಶೈಲಿಯ ಚಿತ್ರಗಳಲ್ಲಿ ಚಿನ್ನದ ರೇಕು ಅಂಟಿಸುವ ಮುನ್ನ ಮಾಡುವ ಉಬ್ಬು ಕೆಲಸದ ಲೇಪಕ್ಕೂ ಇದನ್ನು ಬೆರೆಸುತ್ತಿದ್ದರು. ಇನ್ನೊಂದು ಸಂಗತಿ ಕೇಳಿ. ಫ್ರಾನ್ಸಿನ ವಿಜ್ಞಾನಿ ಜೀನ್ ಪೆರಿನ್ 1908ರ ಹೊತ್ತಿಗೆ ಗ್ಯಾಂಬೋಜಿನ ಸಮಗಾತ್ರದ ಕಣಗಳನ್ನು ನೀರಲ್ಲಿ ತೇಲಿಸಿ, ಸೂಕ್ಷ್ಮದರ್ಶಕದಡಿ ಅವುಗಳ ಓಡಾಟವನ್ನು ಅಳೆದು, ಅಣುಗಳು ನಿಜವಾಗಿ ಇವೆ ಎಂಬುದಕ್ಕೆ ಬಲವಾದ ಪುರಾವೆ ಒದಗಿಸಿದ. 1926ರಲ್ಲಿ ಅವನಿಗೆ ನೊಬೆಲ್ ಬಂತು. ಚಿತ್ರಕಾರರ ಹಳದಿ ಭೌತವಿಜ್ಞಾನದ ಒಂದು ದೊಡ್ಡ ಜಗಳವನ್ನು ಬಗೆಹರಿಸಿತು ಎಂದರೆ ನನಗೆ ಈಗಲೂ ರೋಮಾಂಚನ. ಮಕ್ಕಳಿಗೆ ಒಂದು ಎಚ್ಚರಿಕೆ: ಈ ಹಾಲು ಹೊಟ್ಟೆಗೆ ಹೋದರೆ ವಿಪರೀತ ಭೇದಿ. ಕುಂಚದ ತುದಿಯನ್ನು ಬಾಯಲ್ಲಿಟ್ಟು ಚೂಪು ಮಾಡುವ ಅಭ್ಯಾಸ ಇದ್ದವರು ಬಿಡಬೇಕು. ಮರಕ್ಕೆ ಕತ್ತಿ ಹಾಕುವುದೂ ಬೇಡ.

ಈಗ ಮುಖ್ಯ ವಿಷಯ. ಗಿಡದಿಂದ ನಮಗೆ ಸಿಗುವುದು ಬಹುಪಾಲು ಬಣ್ಣದ ರಸ. ಬಟ್ಟೆಗೆ ರಸ ಸಾಕು, ನೂಲಿನೊಳಗೆ ಇಳಿದು ಕೂರುತ್ತದೆ. ಚಿತ್ರಕ್ಕೆ ಬೇಕಾದದ್ದು ನೀರಲ್ಲಿ ಕರಗದ ಕಣ. ಕಣವಿದ್ದರೆ ಮಾತ್ರ ಬಣ್ಣಕ್ಕೆ ಮೈ ಬರುತ್ತದೆ, ಒಂದರ ಮೇಲೊಂದು ಬಳಿದರೂ ಕೆಳಗಿನದು ಮೇಲಕ್ಕೆ ಒಸರುವುದಿಲ್ಲ. ರಸವನ್ನು ಕಣವಾಗಿಸುವ ಹಳೆಯ ಉಪಾಯಕ್ಕೆ ಬೇಕಾದ ಎರಡೂ ಸಾಮಾನು ಪೇಟೆಯಲ್ಲಿ ಸಿಗುತ್ತವೆ: ಗ್ರಂಥಿಗೆ ಅಂಗಡಿಯ ಪಟಿಕ, ಬಟ್ಟೆ ಒಗೆಯುವ ವಾಷಿಂಗ್ ಸೋಡಾ.

ಹಲಸಿನ ಕೆಚ್ಚಿನಿಂದ ಮಾಡಿ ತೋರಿಸುತ್ತೇನೆ. ಮರದ ಮಿಲ್ಲಿನಲ್ಲಿ ಹಲಸು ಕೊಯ್ದಾಗ ಬೀಳುವ ಹಳದಿ ಹೊಟ್ಟು ಇದು, ಕೇಳಿದರೆ ಸುಮ್ಮನೆ ಕೊಡುತ್ತಾರೆ. ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕೊಡುತ್ತಿದ್ದದ್ದು ಇದೇ ಕೆಚ್ಚು. ಎರಡು ಹಿಡಿ ಹೊಟ್ಟನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ ಒಂದು ಗಂಟೆ ಕಾಯಿಸಿ, ಬಟ್ಟೆಯಲ್ಲಿ ಸೋಸಿದ್ದೇನೆ. ಪಾತ್ರೆ ಸ್ಟೀಲಿನದು. ಕಬ್ಬಿಣದ ಬಾಣಲೆಯಾದರೆ ಹಳದಿ ಕಂದು ತಿರುಗುತ್ತದೆ. ನೀರು ಮಳೆಯದ್ದು. ಜಂಬಿಟ್ಟಿಗೆ ನೆಲದ ಕೆಲವು ಬಾವಿಗಳ ನೀರಲ್ಲಿ ಕಬ್ಬಿಣದ ಅಂಶ ಇರುತ್ತದೆ, ಅದರಲ್ಲಿ ಯಾವ ಹಳದಿಯೂ ಬೆಳಗುವುದಿಲ್ಲ. ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿನಷ್ಟು ಮಳೆ ಬೀಳುವಾಗ ಬಣ್ಣಕ್ಕೆ ನೀರು ಎಲ್ಲಿಂದ ಎಂದು ನಾವು ಯೋಚಿಸಬೇಕಿಲ್ಲ. ಈ ಬಿಸಿ ರಸಕ್ಕೆ 10 ಗ್ರಾಂ ಪಟಿಕ ಕರಗಿಸಿದೆ. ನೋಡಿ, ಬಣ್ಣ ಕೂಡಲೇ ತಿಳಿಯಾಗಿ ಹೊಳೆಯಿತು. ಬೇರೆ ಲೋಟದಲ್ಲಿ 4ರಿಂದ 5 ಗ್ರಾಂ ಒಣ ಸೋಡಾ ಕದಡಿಟ್ಟಿದ್ದೇನೆ. ಅದನ್ನು ಚಮಚ ಚಮಚವಾಗಿ ಬಿಡುತ್ತಾ ಹೋಗಬೇಕು. ಉಕ್ಕುತ್ತದೆ, ಅದಕ್ಕೇ ಇಷ್ಟು ಎತ್ತರದ ಪಾತ್ರೆ. ನೊರೆ ಇಳಿದ ಮೇಲೆ ರಸ ಒಡೆದ ಹಾಲಿನ ಹಾಗೆ ಕಾಣುತ್ತದೆ. ಪಟಿಕದೊಳಗಿನ ಅಲ್ಯುಮಿನಿಯಂ ಬಿಳಿ ಲೋಳೆಯಾಗಿ ಹೊರಬಿದ್ದು, ಬೀಳುವಾಗ ಬಣ್ಣವನ್ನೂ ಹಿಡಿದುಕೊಂಡು ಬರುತ್ತದೆ. ನಾಳೆ ಹೊತ್ತಿಗೆ ತಳದಲ್ಲಿ ಹಳದಿ ಗಸಿ. ಮೇಲಿನ ನೀರು ಚೆಲ್ಲಿ, ಹೊಸ ನೀರು ಹುಯ್ದು, ಉಪ್ಪಿನಂಶ ಹೋಗುವಂತೆ ಎರಡು ಮೂರು ಬಾರಿ ತೊಳೆದು, ಬಟ್ಟೆಯಲ್ಲಿ ಇಳಿಹಾಕಿ, ನೆರಳಲ್ಲಿ ಒಣಗಿಸಿದರೆ ಹೆಂಟೆ ಹೆಂಟೆ ಬಣ್ಣ. ಕುಟ್ಟಿ ಸೀಸೆಯಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಇರುತ್ತದೆ.

ಅರಿಶಿನಕ್ಕೆ ಈ ಕ್ರಮವನ್ನು ತಿರುವುಮುರುವು ಮಾಡಬೇಕು. ಅದರ ಹಳದಿಗೆ ಕಾರಣವಾದ ಕರ್ಕ್ಯುಮಿನ್ ಬರೀ ನೀರಲ್ಲಿ ಕರಗುವುದಿಲ್ಲ. ಮೊದಲು ಸೋಡಾ ನೀರಲ್ಲಿ ಕದಡಿದರೆ ಕೆಂಪು ರಸವಾಗಿ ಬರುತ್ತದೆ, ಆಮೇಲೆ ಪಟಿಕದ ನೀರು ಬಿಟ್ಟರೆ ಮತ್ತೆ ಹಳದಿಯಾಗಿ ಕೆಳಗೆ ಕೂರುತ್ತದೆ. ಸುಣ್ಣ ಬೆರೆಸಿದ ಓಕುಳಿ ಕೆಂಪಾಗುವುದಕ್ಕೂ ಇದೇ ಕಾರಣ. ಅರಿಶಿನವನ್ನು ಬಿಳಿಗಾರ ಮತ್ತು ನಿಂಬೆರಸದಲ್ಲಿ ನೆನೆಸಿ ಕುಂಕುಮ ಮಾಡುವುದು ಸ್ವಲ್ಪ ಬೇರೆ ಕ್ರಿಯೆ, ಅದರ ಕೆಂಪು ಸುಣ್ಣದ ಕೆಂಪಿಗಿಂತ ಸ್ಥಿರ. ಆದರೆ ನೆನಪಿಡಿ, ಕಣವಾಗಿಸಿದ ಮಾತ್ರಕ್ಕೆ ಅರಿಶಿನ ಬಿಸಿಲನ್ನು ಗೆಲ್ಲುವುದಿಲ್ಲ. ಸ್ವಲ್ಪ ತಡವಾಗಿ ಮಾಸುತ್ತದೆ. ಹಲಸಿನ ಹಳದಿ ಅದಕ್ಕಿಂತ ಎಷ್ಟೋ ಮೇಲು, ಚೆಂಡುಹೂವಿನದೂ ಮೇಲು.

ಕಾರ್ಖಾನೆಯಿಂದ ಬಂದದ್ದೆಲ್ಲ ಶಾಶ್ವತ ಎಂದೂ ಭಾವಿಸಬೇಡಿ. ವ್ಯಾನ್ ಗೋ 1888ರಲ್ಲಿ ಬರೆದ ಮಲಗುವ ಕೋಣೆಯ ಚಿತ್ರದಲ್ಲಿ ಗೋಡೆಗಳು ಇವತ್ತು ನೀಲಿ. ತಮ್ಮನಿಗೆ ಬರೆದ ಪತ್ರದಲ್ಲಿ ಅವನು ಅವನ್ನು ತಿಳಿ ನೇರಳೆ ಎಂದು ಬಣ್ಣಿಸಿದ್ದಾನೆ. ನೇರಳೆಯೊಳಗಿದ್ದ ಕೆಂಪು ಬೆಳಕಿಗೆ ಹಾರಿಹೋಯಿತು.

ಇನ್ನು ನನಗೆ ಎಲ್ಲಕ್ಕಿಂತ ಪ್ರಿಯವಾದ ಬಣ್ಣಕ್ಕೆ ಬರುತ್ತೇನೆ: ಅಡಿಕೆ ಚೊಗರು. ಇಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಜನ ಚೊಗರಿನ ವಾಸನೆಯಲ್ಲೇ ಬೆಳೆದವರು. ಹಸಿ ಅಡಿಕೆ ಸುಲಿದು, ಹಂಡೆಯಲ್ಲಿ ಬೇಯಿಸಿ ತೆಗೆದ ಮೇಲೆ ಉಳಿಯುವ ನೀರನ್ನು ನಾವು ಚೆಲ್ಲುವುದಿಲ್ಲ. ಅದರಲ್ಲೇ ಮತ್ತೆ ಮತ್ತೆ ಬೇಯಿಸುತ್ತ ಹೋದರೆ ಪಾಕದಂತೆ ಮಂದವಾಗಿ ಚೊಗರಾಗುತ್ತದೆ. ಒಣ ಅಡಿಕೆಗೆ ಆ ಮಿರುಗುವ ಕೆಂಪು ಬರುವುದೇ ಅದರಿಂದ. ಶಿವಮೊಗ್ಗದ ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು ಎಂದು ದರ ಕಟ್ಟುವಾಗ ಬಣ್ಣಕ್ಕೂ ಬೆಲೆಯಿದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಇಲ್ಲೇ ಹೆಗ್ಗೋಡಿನ ಪಕ್ಕ ಭೀಮನಕೋಣೆಯಲ್ಲಿ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಈ ಚೊಗರಿನಿಂದಲೇ ಹತ್ತಿ ನೂಲಿಗೆ ಬಣ್ಣ ಕಟ್ಟುತ್ತಾರೆ. ನೂಲಿಗೆ ಆದದ್ದು ಕಾಗದಕ್ಕೆ ಏಕಾಗಬಾರದು?

ಚೊಗರನ್ನು ನೇರವಾಗಿ ಕುಂಚದಲ್ಲಿ ಬಳಿದರೆ ಬೆಚ್ಚಗಿನ ಕೆಂಗಂದು. ನೀರು ಹೆಚ್ಚಿಸಿದರೆ ಸಂಜೆಯ ಆಕಾಶಕ್ಕೆ ಹೊಂದುವ ನಸುಗೆಂಪು. ಪಟಿಕ ಹಾಕಿ ಕಣವಾಗಿಸಿದರೆ ಹಳೆ ಹೆಂಚಿನ ಬಣ್ಣ. ತುಕ್ಕು ಹಿಡಿದ ಮೊಳೆಗಳನ್ನು ವಿನಿಗರಿನಲ್ಲಿ ನೆನೆಸಿಟ್ಟ ನೀರನ್ನು ಒಂದೆರಡು ಹನಿ ಬಿಡಿ: ಕಣ್ಣೆದುರೇ ಬೂದಿ ಕಪ್ಪು. ಚೊಗರಿನ ಒಗರಿಗೆ ಕಾರಣವಾದ ಟ್ಯಾನಿನ್ನೂ ಕಬ್ಬಿಣವೂ ಸೇರಿ ಆದ ಕಪ್ಪು ಇದು. ಅಳಲೆಕಾಯಿ ಮತ್ತು ಅನ್ನಭೇದಿ ಎಂಬ ಕಬ್ಬಿಣದ ಲವಣದಿಂದ ಮಾಡುವ ಮಸಿಯೂ ಇದೇ ಜಾತಿ. ಕಬ್ಬಿಣ ಹೆಚ್ಚಾದರೆ ಇದು ವರ್ಷಗಳಲ್ಲಿ ಕಾಗದವನ್ನೇ ತಿನ್ನುತ್ತದೆ, ಆದ್ದರಿಂದ ಹನಿಯ ಲೆಕ್ಕದಲ್ಲೇ ಇರಲಿ. ಒಂದೇ ಹಂಡೆಯಿಂದ ಇಷ್ಟು ಬಣ್ಣ! ಆಯುಸ್ಸಿನ ಮಾತಿಗೆ ಬಂದರೆ ಚೊಗರಿನ ಸ್ವಭಾವವೇ ಬೇರೆ. ಬೆಳಕಿಗೆ ಬಿದ್ದಷ್ಟೂ ಅದು ಮಾಸುವ ಬದಲು ಕಪ್ಪಾಗುತ್ತ, ಗಾಢವಾಗುತ್ತ ಹೋಗುತ್ತದೆ. ಚಿತ್ರ ಬರೆಯುವಾಗ ಬೇಕಾದ್ದಕ್ಕಿಂತ ಒಂದು ಪಾಲು ತೆಳುವಾಗಿ ಬಳಿದು, ಉಳಿದದ್ದನ್ನು ಕಾಲಕ್ಕೆ ಬಿಡಬೇಕು. ಮಲೆನಾಡಿನ ಚಿತ್ರಕಾರರಿಗೆ ತಮ್ಮದೇ ಎಂದು ಹೇಳಿಕೊಳ್ಳುವ ಬಣ್ಣ ಒಂದಿದ್ದರೆ ಅದು ಚೊಗರು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಬಸಳೆ ಹಣ್ಣು, ಶಂಖಪುಷ್ಪ, ಮುರುಗಲು ಸಿಪ್ಪೆ, ಪಾರಿಜಾತದ ಕೇಸರಿ ತೊಟ್ಟು, ಮುತ್ತುಗದ ಹೂವು, ಅಂಗೈಯಲ್ಲಿ ಉಜ್ಜಿದರೆ ಕೆಂಪಾಗುವ ತೇಗದ ಚಿಗುರು. ಇವೆಲ್ಲ ಮಕ್ಕಳ ಜೊತೆ ಕೂತು ಆಡುವ ಬಣ್ಣಗಳು. ಶಂಖಪುಷ್ಪದ ನೀಲಿಗೆ ನಿಂಬೆರಸ ಹಿಂಡಿದರೆ ನೇರಳೆ, ಸೋಡಾ ಹಾಕಿದರೆ ಹಸಿರು. ಶಾಲೆಯಲ್ಲಿ ಆಮ್ಲ, ಪ್ರತ್ಯಾಮ್ಲ ಕಲಿಸಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ಆದರೆ ಆ ನೀಲಿಯನ್ನು ನಂಬಿ ಆಕಾಶ ಬರೆಯಬಾರದು. ಉಳಿಯುವ ನೀಲಿ ಬೇಕಾದರೆ ಗಿಡಗಳಲ್ಲಿ ನೀಲಿ ಗಿಡವೇ ಮುಖ್ಯ ದಾರಿ. ಅದರದು ಹುಟ್ಟಿನಿಂದಲೇ ನೀರಲ್ಲಿ ಕರಗದ ಕಣ, ಪಟಿಕದ ಹಂಗೂ ಬೇಡ. ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆ ಮರದ ಎಲೆಯಿಂದಲೂ ಇದೇ ನೀಲಿ ತೆಗೆಯುತ್ತಿದ್ದ ಕಾಲವಿತ್ತು.

ಬಣ್ಣವನ್ನು ಕಾಗದಕ್ಕೆ ಹಿಡಿಸುವುದು ಅಂಟು. ಜಾಲಿ ಗೋಂದು ಒಂದು ಪಾಲು, ನೀರು ಎರಡು ಪಾಲು, ರಾತ್ರಿ ನೆನೆಸಿ ಸೋಸಿ, ನಾಲ್ಕಾರು ಹನಿ ಜೇನು. ಜೇನಿಲ್ಲದಿದ್ದರೆ ಒಣಗಿದ ಬಣ್ಣ ಬಿರಿಯುತ್ತದೆ. ಗಂಧ ತೇಯುವ ಸಾಣೆಕಲ್ಲಿನ ಮೇಲೆ ಪುಡಿಗೆ ಈ ಗೋಂದು ಹಾಕಿ ಅರೆಯಬೇಕು. ಕರಕರ ಸದ್ದು ನಿಂತ ಮೇಲೂ ಸ್ವಲ್ಪ ಹೊತ್ತು ಅರೆಯಬೇಕು. ಹುಣಸೆ ಬೀಜದ ಅಂಟೂ ಇದೆ. ಶೃಂಗೇರಿ ಮಠದಲ್ಲಿರುವ ಕಡತಗಳನ್ನು ನೆನೆಸಿಕೊಳ್ಳಿ: ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಮಡಿಸಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಈ ಮಳೆ, ಈ ಥಂಡಿ, ಈ ಹುಳಹುಪ್ಪಟೆಯ ನಡುವೆ ಅವು ಬದುಕಿ ಉಳಿದಿವೆ. ಬಣ್ಣ ಇದ್ದಿಲು, ಅಂಟು ಹುಣಸೆ ಬೀಜ. ಇಂಥ ಜೋಡಿಗಳನ್ನು ನಾವು ಹುಡುಕಿ ಹುಡುಕಿ ಕಲಿಯಬೇಕು.

ನೈಸರ್ಗಿಕ ಎಂದ ಮಾತ್ರಕ್ಕೆ ನಿರಪಾಯ ಎಂದಲ್ಲ. ಹಿಂದೆ ಯಕ್ಷಗಾನದ ಮುಖವರ್ಣಿಕೆಗೆ ಬಳಸುತ್ತಿದ್ದ ಇಂಗಳೀಕ ಪಾದರಸದ್ದು, ಅರದಾಳ ಆರ್ಸೆನಿಕ್ಕಿನದು. ಎರಡೂ ನೆಲದಿಂದಲೇ ಬಂದವು. ಶಾಲೆಗಳಿಗೆ ಇವು ಕಾಲಿಡಬಾರದು. ಮುನ್ಸಿಪಾಲಿಟಿ ಮೋರಿಗೆ ಪಟಿಕದ ನೀರು ಚೆಲ್ಲುವಾಗಲೂ ಚೆನ್ನಾಗಿ ತೆಳು ಮಾಡಿ ಚೆಲ್ಲಿ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸುತ್ತೇನೆ.

ಬ್ಯಾಡಗಿ ಮೆಣಸಿನಕಾಯಿ ಅಷ್ಟು ಕೆಂಪಿದೆಯಲ್ಲ ಸಾರ್, ಅದರಿಂದ ಬಣ್ಣ ಬರುವುದಿಲ್ಲವೇ ಎಂದು ಒಬ್ಬ ಹುಡುಗಿ ಕೇಳಿದಳು. ಬರುತ್ತದೆ ಮಗಳೇ, ಆದರೆ ಎಣ್ಣೆಯಲ್ಲಿ. ಒಗ್ಗರಣೆಗೆ ಹಾಕಿದಾಗ ಎಣ್ಣೆ ಕೆಂಪಾಗುವುದನ್ನು ನೋಡಿದ್ದೀಯಲ್ಲ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಆ ಮೆಣಸಿನಕಾಯಿ ಹೆಸರುವಾಸಿಯಾಗಿರುವುದೇ ಅದರ ಬಣ್ಣದಿಂದ. ಅದರ ಎಣ್ಣೆಯಂಥ ಸಾರವನ್ನು, ಅಂದರೆ ಓಲಿಯೋರೆಸಿನ್ ತೆಗೆದು ತಿನಿಸಿಗೂ ತುಟಿಬಣ್ಣಕ್ಕೂ ಬಳಸುತ್ತಾರೆ. ಜಲವರ್ಣಕ್ಕೆ ಅದು ಬಾರದು, ಬೆಳಕಿಗೂ ನಿಲ್ಲದು.

ಮಳೆಗಾಲದಲ್ಲಿ ಬಣ್ಣದ ಬಟ್ಟಲಿಗೆ ಬೂಸ್ಟು ಹಿಡಿಯುತ್ತದೆ, ಏನು ಮಾಡುವುದು ಎಂದು ಒಬ್ಬ ಶಿಕ್ಷಕರು ಕೇಳಿದರು. ಗೋಂದಿನ ನೀರಿಗೆ ಒಂದೆರಡು ಹನಿ ಲವಂಗದೆಣ್ಣೆ ಹಾಕಿ. ಅದಕ್ಕಿಂತ ಮುಖ್ಯ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಲಸಿದ ಬಣ್ಣ ಇಡಬೇಡಿ. ಪುಡಿಯಾಗಿ ಸೀಸೆಯಲ್ಲಿರಲಿ, ಅಂದಂದಿಗೆ ಬೇಕಾದಷ್ಟೇ ಅರೆದುಕೊಳ್ಳಿ.

ಮೂರನೆಯದು ಚಿತ್ರ ಮಾರುವವರೊಬ್ಬರದು: ಕೊಳ್ಳುವವರಿಗೆ ಏನೆಂದು ಹೇಳಬೇಕು? ಚಿತ್ರದ ಹಿಂಬದಿಯಲ್ಲಿ ಬರೆಯಿರಿ: ಯಾವ ಯಾವ ಬಣ್ಣ, ಯಾವ ಅಂಟು, ಯಾವ ತಿಂಗಳು ಮಾಡಿದ್ದು. ಬರೆಯುವ ಮೊದಲು ನಿಮಗೇ ಖಾತ್ರಿಯಾಗಬೇಕಾದರೆ, ಪ್ರತಿ ಬಣ್ಣದ ಒಂದೊಂದು ಪಟ್ಟಿ ಬಳಿದು, ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ, ದಕ್ಷಿಣದ ಕಿಟಕಿಗೆ ಅಂಟಿಸಿ, ದೀಪಾವಳಿಯಿಂದ ಯುಗಾದಿವರೆಗೆ ಬಿಡಿ. ರಟ್ಟು ತೆಗೆದಾಗ ಎರಡು ಅರ್ಧಗಳ ನಡುವೆ ಕಾಣುವ ವ್ಯತ್ಯಾಸವೇ ನಿಮ್ಮ ಉತ್ತರ. ಕೆಮ್ಮಣ್ಣು, ಇದ್ದಿಲು, ನೀಲಿ ಇದ್ದ ಚಿತ್ರವನ್ನು ಧೈರ್ಯವಾಗಿ ಮಾರಿ. ಹಲಸು, ಚೆಂಡುಹೂ ಇದ್ದರೆ ನೇರ ಬಿಸಿಲು ಬೀಳದ ಗೋಡೆಗೆ ಹಾಕಿ ಎಂದು ಹೇಳಿ. ಚೊಗರಿದ್ದರೆ ಬರಬರುತ್ತ ಗಾಢವಾಗುತ್ತದೆ ಎಂದು ಮೊದಲೇ ತಿಳಿಸಿ. ಅರಿಶಿನದಲ್ಲಿ ಬರೆದದ್ದನ್ನು ಮಾರಬೇಡಿ. ಅದನ್ನು ಹಬ್ಬಕ್ಕೆ ಬಾಗಿಲಲ್ಲಿ ಬರೆಯಿರಿ, ಮದುವೆ ಕಾಗದದ ಮೇಲೆ ಬರೆಯಿರಿ, ಪುಸ್ತಕದೊಳಗೆ ಮುಚ್ಚಿಡುವ ಪುಟ್ಟ ಚಿತ್ರಕ್ಕೆ ಬಳಸಿ.